ಬಿ.ಕಾಂ. ಓದುವ ಮಕ್ಕಳು ಮತ್ತು ಸಂಘದ ಅಢಾವೆ ಪತ್ರಿಕೆ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಮತ್ತು ಕಾಲೇಜು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟ ವಿಷಯ 'ವಾಣಿಜ್ಯ ಪದವಿಯಲ್ಲಿ ಅರ್ಥಶಾಸ್ತ್ರದ ಅಭ್ಯಾಸ' ಎಂಬುದು. ಇಂಥ ವಿಷಯವನ್ನು ಕಾಲೇಜಿನ ಸಭಾಂಗಣದಲ್ಲಿ ಮಾತಾಡುವುದು ರೂಢಿ. ಸಂಘದ ಅಂಗಳದಲ್ಲಿ, ಗೊಬ್ಬರದ ಚೀಲಗಳ ವಾಸನೆಯ ನಡುವೆ ಯಾಕಪ್ಪಾ ಎಂದು ಕೆಲವರಿಗೆ ಅನ್ನಿಸಿರಬಹುದು. ನನಗಂತೂ ಈ ವಿಷಯಕ್ಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ ಅನ್ನಿಸುತ್ತದೆ. ಮೂವತ್ತು ವರ್ಷಕ್ಕೆ ಮಿಕ್ಕಿ ಕಾಮರ್ಸ್ ಕಲಿಸಿದವನು ನಾನು. ಸೈನ್ಸಿನವರಿಗೆ ಲ್ಯಾಬೊರೇಟರಿ ಇದೆ, ಅಲ್ಲಿ ಆಸಿಡ್ಡು ಸುರಿದರೆ ಹೊಗೆ ಬರುವುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ. ಕಾಮರ್ಸಿನವರಿಗೆ ಇರುವುದು ಕರಿಹಲಗೆ ಮತ್ತು ಚಾಕ್‌ಪೀಸು. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕಿನ ಮಟ್ಟಿಗೆ ಹಾಗೆ ಹೇಳುವ ಹಾಗಿಲ್ಲ. ಇಲ್ಲಿ ಯಾವ ದಾರಿಯಲ್ಲಿ ಹೋದರೂ ಒಂದು ಸಹಕಾರಿ ಸಂಘದ ಬೋರ್ಡು ಕಾಣುತ್ತದೆ. ಅದೇ ನಮ್ಮ ಲ್ಯಾಬೊರೇಟರಿ. ಅದರೊಳಗೆ ನಮ್ಮ ಬಿ.ಕಾಂ. ಮಕ್ಕಳು ಕಾಲಿಡುವುದಿಲ್ಲ ಎನ್ನುವುದೇ ನನ್ನ ಇವತ್ತಿನ ತಕರಾರು.

ಮೊದಲು ಈ ಪದವಿಯ ಬಗ್ಗೆ ನಮ್ಮ ಊರಿನಲ್ಲಿ ಇರುವ ಭಾವನೆಯ ಮಾತು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿವಸ ಮನೆಮನೆಯಲ್ಲಿ ಒಂದು ವಿಂಗಡಣೆ ನಡೀತದೆ, ಅಡಿಕೆ ಆರಿಸಿದ ಹಾಗೇ. ರಾಶಿ ಒಂದು ಕಡೆ, ಬೆಟ್ಟೆ ಒಂದು ಕಡೆ, ಗೋಟು ಇನ್ನೊಂದು ಕಡೆ. ತೊಂಬತ್ತರ ಮೇಲೆ ಬಂದವ ಸೈನ್ಸ್‌ಗೆ, ನಡುವಿನವ ಕಾಮರ್ಸ್‌ಗೆ, ಉಳಿದವರು ಎಲ್ಲಿ ಸೀಟು ಸಿಕ್ಕರೆ ಅಲ್ಲಿಗೆ. ಆಮೇಲೆ ಪಿಯುಸಿ ಮುಗಿಸಿದ ಹುಡುಗಿಯ ವಿಷಯಕ್ಕೆ ಬಂದರೆ, "ಕೂಸು ಬಿ.ಕಾಂ. ಮಾಡ್ತಾ ಇದ್ದು, ಮದುವೆ ಆಪಲ್ಲಿವರೆಗೆ ಒಂದು ಡಿಗ್ರಿ ಇರ್ಲಿ ಹೇಳಿ" ಎಂದು ಹೇಳುವ ತಂದೆಯಂದಿರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಮೂರೂ ತಾಲೂಕು ಕೇಂದ್ರಗಳಲ್ಲಿ ಬಿ.ಕಾಂ. ಇದೆ, ಬೆಳಿಗ್ಗೆ ಬಸ್ಸಿದೆ, ಸಂಜೆ ಬಸ್ಸಿದೆ, ಹಾಸ್ಟೆಲ್ ಖರ್ಚಿಲ್ಲ. ಹೀಗೆ ಬಸ್ಸಿನ ವೇಳಾಪಟ್ಟಿ ನೋಡಿ ಆರಿಸಿದ ಪದವಿ ಇದು. ಆರಿಸಿದ ಕಾರಣ ಏನೇ ಇರಲಿ, ಮೂರು ವರ್ಷ ಓದಿದ ಮೇಲೆ ಆ ಮಗುವಿನ ಕೈಯಲ್ಲಿ ಒಂದು ವಿದ್ಯೆ ಇರುತ್ತದೆ. ಆ ವಿದ್ಯೆಗೆ ಮನೆಯಲ್ಲಿ ಕೆಲಸ ಕೊಡುವವರಿಲ್ಲ.

ಪದವಿಯ ರಚನೆಯಲ್ಲೇ ಈಚೆಗೆ ಗೊಂದಲ ಆಗಿದೆ. 2021-22ರಲ್ಲಿ ಹೊಸ ಶಿಕ್ಷಣ ನೀತಿ ಅಂತ ನಾಲ್ಕು ವರ್ಷದ ಪದ್ಧತಿ ತಂದರು. ದೇಶದಲ್ಲೇ ಮೊದಲು ತಂದವರು ನಾವು ಅಂತ ಹೆಮ್ಮೆಯಿಂದ ಹೇಳಿಕೊಂಡದ್ದೂ ಆಯಿತು. 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂತು. ಪಠ್ಯಕ್ರಮ ಎಷ್ಟು ಸಲ ಬದಲಾದರೂ ಒಳಗಿನ ಹೂರಣ ಮಾತ್ರ ಅದೇ: ಲೆಕ್ಕಪತ್ರ, ಕಾನೂನು, ತೆರಿಗೆ, ಬ್ಯಾಂಕಿಂಗು, ಅಂಕಿಸಂಖ್ಯೆ, ಅರ್ಥಶಾಸ್ತ್ರ. ಇವುಗಳಲ್ಲಿ ಮಕ್ಕಳು ಬಾಯಿಪಾಠ ಮಾಡಿ ಪಾಸಾಗುವ ವಿಷಯ ಯಾವುದು ಅಂದರೆ ಅರ್ಥಶಾಸ್ತ್ರ. ಬೇಡಿಕೆಯ ರೇಖೆ ಎಡದಿಂದ ಬಲಕ್ಕೆ ಇಳಿಯುತ್ತದೆ, ಪೂರೈಕೆಯ ರೇಖೆ ಏರುತ್ತದೆ, ಎರಡೂ ಕೂಡಿದಲ್ಲಿ ಬೆಲೆ. ಚಿತ್ರ ಬರೆದರೆ ಮಾರ್ಕ್ಸು. ಪುಸ್ತಕದಲ್ಲಿ ಕೊಡುವ ಉದಾಹರಣೆ ಚಹಾ ಮತ್ತು ಕಾಫಿ, ಇಲ್ಲವೇ ಸೇಬು ಮತ್ತು ಕಿತ್ತಳೆ. ಅಟ್ಟದ ಮೇಲೆ ಅಡಿಕೆ ಮೂಟೆ ಇಟ್ಟುಕೊಂಡು, ಜಗುಲಿಯಲ್ಲಿ ಕೂತು, ಸೇಬಿನ ಬೇಡಿಕೆ ಓದುವ ಕರ್ಮ ನಮ್ಮ ಮಕ್ಕಳದು.

ಒಂದು ನಮೂನೆ ಹೇಳುತ್ತೇನೆ. ಅರ್ಥಶಾಸ್ತ್ರದಲ್ಲಿ 'ಜೇಡರಬಲೆ ಸಿದ್ಧಾಂತ' ಅಂತ ಇದೆ. 1934ರಲ್ಲಿ ಕಾಲ್ಡಾರ್ ಎಂಬ ಅರ್ಥಶಾಸ್ತ್ರಜ್ಞ ಇಟ್ಟ ಹೆಸರು ಅದು. ಈ ವರ್ಷದ ಬೆಲೆ ನೋಡಿ ರೈತ ಬೆಳೆ ಹಾಕುತ್ತಾನೆ, ಫಸಲು ಬರುವುದು ಮುಂದೆ ಯಾವಾಗಲೋ, ಎಲ್ಲರ ಫಸಲೂ ಒಟ್ಟಿಗೆ ಬಂದಾಗ ಬೆಲೆ ಬೀಳುತ್ತದೆ, ಬಿದ್ದಾಗ ಎಲ್ಲರೂ ಕೈಬಿಡುತ್ತಾರೆ, ಮತ್ತೆ ಏರುತ್ತದೆ. ಪುಸ್ತಕದಲ್ಲಿ ಇದಕ್ಕೆ ಹಂದಿ ಸಾಕಣೆಯ ಉದಾಹರಣೆ ಇರುತ್ತದೆ. ನಮ್ಮ ಹುಡುಗರಿಗೆ ಹಂದಿಯ ಲೆಕ್ಕ ಎಲ್ಲಿಂದ ತಿಳೀಬೇಕು? ಅಡಿಕೆ ಸಸಿ ನೆಟ್ಟರೆ ಫಸಲಿಗೆ ಐದಾರು ಏಳು ವರ್ಷ ಕಾಯಬೇಕು. ಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೇ ದೃಷ್ಟಾಂತ ಇಲ್ಲ. 1990ರ ದಶಕದ ಕೊನೆಯಲ್ಲಿ ದರ ಏರಿದ್ದು, 2000ದ ನಂತರ ಕುಸಿದದ್ದು ಇಲ್ಲಿರುವ ಹಿರಿಯರಿಗೆಲ್ಲ ನೆನಪಿದೆ. ನಮ್ಮ ಸಂಘ ಹುಟ್ಟಿದ್ದೂ ಹೆಚ್ಚುಕಡಿಮೆ ಆ ಹೊತ್ತಿಗೇ. ಆಮೇಲೆ ದರ ಚೇತರಿಸಿಕೊಂಡಿತು, ದಾವಣಗೆರೆ, ಚಿತ್ರದುರ್ಗ, ಹಾವೇರಿ ಕಡೆಯ ಬಯಲಿನಲ್ಲೂ ಕೊಳವೆಬಾವಿ ಹೊಡೆದು ಅಡಿಕೆ ಹಾಕಿದರು. ಆ ಮರಗಳೆಲ್ಲ ಒಂದಾದ ಮೇಲೆ ಒಂದು ಫಸಲಿಗೆ ಬರುತ್ತಿವೆ. ಈ ಒಂದು ಅಧ್ಯಾಯ ಅರ್ಥ ಮಾಡಿಕೊಂಡ ಹುಡುಗ, ಗದ್ದೆ ತೆಗೆದು ತೋಟ ಮಾಡಲು ಹೊರಟ ಅಪ್ಪನ ಹತ್ತಿರ ಕೂತು ನಾಲ್ಕು ಮಾತು ಆಡಬೇಕಲ್ಲವೇ?

ಇನ್ನೊಂದು, ಅಡಿಕೆ ಇಟ್ಟುಕೊಳ್ಳುವ ಲೆಕ್ಕ. ನಮ್ಮಲ್ಲಿ ಚಾಲಿ ಮಾಡಿ 'ದರ ಬಂದಾಗ ಕೊಡುವಾ' ಎಂದು ಇಡುವವರು ಬಹಳ. ಇಟ್ಟ ಅಡಿಕೆ ಹಾಳಾಗುವುದಿಲ್ಲವಲ್ಲ, ಖರ್ಚೇನು ಎನ್ನುತ್ತಾರೆ. ಲೆಕ್ಕ ಮಾಡುವಾ. ಸುಲಭಕ್ಕೆ ಕ್ವಿಂಟಲಿಗೆ 40,000 ರೂಪಾಯಿ ಅಂತ ಹಿಡಿಯಿರಿ, 10 ಕ್ವಿಂಟಲು ಇದೆ ಅನ್ನಿ. ನಾಲ್ಕು ಲಕ್ಷದ ಮಾಲು. ಅದೇ ಹೊತ್ತಿಗೆ ಆಸಾಮಿ ಖಾತೆಯಲ್ಲಿ ನಾಲ್ಕು ಲಕ್ಷ ಸಾಲ, ಬಡ್ಡಿ ನೂರಕ್ಕೆ ಹನ್ನೆರಡು. ಆರು ತಿಂಗಳಿಗೆ ಬಡ್ಡಿ 24,000. ಅಂದರೆ ಆರು ತಿಂಗಳ ಮೇಲೆ ಕ್ವಿಂಟಲಿಗೆ 42,400 ಸಿಕ್ಕರೆ ಮಾತ್ರ ನೀವು ಇದ್ದಲ್ಲೇ ಇದ್ದೀರಿ. ಒಣಗಿ ನೂರಕ್ಕೆ ಒಂದು ಪಾಲು ತೂಕ ಇಳಿದರೆ 42,800 ದಾಟಬೇಕು. ದರ 42,000ಕ್ಕೆ ಏರಿದ್ದು ನೋಡಿ 'ಎರಡು ಸಾವಿರ ಲಾಭ ಆತು' ಎಂದು ಶಿರಸಿ ಪೇಟೆಯಲ್ಲಿ ಮಸಾಲೆದೋಸೆ ತಿಂದು ಬಂದವನು ನಿಜವಾಗಿ ನಷ್ಟದಲ್ಲಿ ದೋಸೆ ತಿಂದಿದ್ದಾನೆ. ಇದಕ್ಕೆ ಪುಸ್ತಕದಲ್ಲಿ 'ಅವಕಾಶ ವೆಚ್ಚ' ಅಂತ ದೊಡ್ಡ ಹೆಸರಿದೆ. ಹೆಸರು ಬಿಡಿ, ಲೆಕ್ಕ ಅಟ್ಟದ ಮೇಲೇ ಇದೆ.

ಉತ್ಪಾದನಾ ವೆಚ್ಚದ ಮಾತೂ ಹಾಗೇ. ನಮ್ಮ ಕಡೆ ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದಿದೆ. ಬೆಟ್ಟದ ಸೊಪ್ಪಿಗೆ ಯಾರೂ ಬಿಲ್ಲು ಕೊಡುವುದಿಲ್ಲ, ಆದ್ದರಿಂದ ಖರ್ಚಿಗೆ ಹಿಡಿಯುವುದಿಲ್ಲ. ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುವ ಮನೆಯ ಹೆಂಗಸರ ಕೂಲಿಯನ್ನೂ ಹಿಡಿಯುವುದಿಲ್ಲ. ಕೊನೆಗೌಡನ ಸಂಬಳ, ಬೋರ್ಡೋ ದ್ರಾವಣದ ಮೈಲುತುತ್ತು, ಇವೆರಡನ್ನು ಕೂಡಿಸಿ 'ಖರ್ಚು ಇಷ್ಟು' ಅನ್ನುತ್ತೇವೆ. ಕೊಳೆರೋಗಕ್ಕೆ ಔಷಧಿ ಹೊಡೆದ ಖರ್ಚು ಬರೆಯುವವರು ಕೊಳೆ ಬಂದು ಉದುರಿದ ಕಾಯಿಯ ನಷ್ಟ ಬರೆಯುವುದಿಲ್ಲ. ಸರಿಯಾದ ವೆಚ್ಚ ಗೊತ್ತಿಲ್ಲದೆ ದರ ಸಾಲದು ಎಂದು ಸರಕಾರದ ಹತ್ತಿರ ಹೇಗೆ ವಾದ ಮಾಡುವುದು? ವಿದೇಶಿ ಅಡಿಕೆಗೆ ಕನಿಷ್ಠ ಆಮದು ಬೆಲೆ ಅಂತ ಇದೆ. ಕಿಲೋಕ್ಕೆ 251 ಇದ್ದದ್ದನ್ನು 2023ರ ಫೆಬ್ರವರಿಯಲ್ಲಿ 351 ರೂಪಾಯಿಗೆ ಏರಿಸಿದರು. ಇಂಥ ಅಂಕಿ ಆಕಾಶದಿಂದ ಬೀಳುವುದಿಲ್ಲ. ಇಲ್ಲಿ ಬೆಳೆಯಲು ಇಷ್ಟು ಬೀಳುತ್ತದೆ ಎಂದು ಯಾರಾದರೂ ಕಾಗದದ ಮೇಲೆ ತೋರಿಸಬೇಕು. 'ಸಿರ್ಸಿ ಸುಪಾರಿ'ಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಅದು ಈ ಮೂರು ತಾಲೂಕಿನ ಅಡಿಕೆಗೇ ಸಿಕ್ಕಿದ್ದು. ಆ ಗುರುತಿನಿಂದ ಬೆಳೆಗಾರನ ಕೈಗೆ ಎಷ್ಟು ಹೆಚ್ಚು ಬಂತು ಎಂಬುದು ಒಬ್ಬ ಬಿ.ಕಾಂ. ವಿದ್ಯಾರ್ಥಿ ಎರಡು ತಿಂಗಳು ಕೂತು ಮಾಡಬಹುದಾದ ಒಳ್ಳೇ ಪ್ರಾಜೆಕ್ಟು. ಅದರ ಬದಲು ಯಾವುದೋ ಮೊಬೈಲ್ ಕಂಪನಿಯ ಗ್ರಾಹಕರ ತೃಪ್ತಿಯ ಬಗ್ಗೆ ಐವತ್ತು ಪುಟ ಜೆರಾಕ್ಸ್ ಮಾಡಿಸಿ ಬೈಂಡ್ ಹಾಕಿಸುತ್ತಾರೆ.

ಈ ವಿದ್ಯೆಗೂ ಸಹಕಾರಕ್ಕೂ ಹಳೇ ನಂಟು ಇದೆ. 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಶಿರಸಿಯಲ್ಲಿ 1920ರಲ್ಲಿ ಜಿಲ್ಲಾ ಮಧ್ಯವರ್ತಿ ಬ್ಯಾಂಕು, 1923ರಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಆಯಿತು. ಆಗ ನಾವು ಮುಂಬಯಿ ಪ್ರಾಂತದಲ್ಲಿ ಇದ್ದವರು. ಅದೇ ಪ್ರಾಂತದ ಪುಣೆಯಲ್ಲಿ ಧನಂಜಯರಾವ್ ಗಾಡಗೀಳ ಎಂಬ ದೊಡ್ಡ ಅರ್ಥಶಾಸ್ತ್ರಜ್ಞರು ಇದ್ದರು. ಅಹಮದ್‌ನಗರ ಜಿಲ್ಲೆಯ ರೈತರು ವಿಠ್ಠಲರಾವ್ ವಿಖೆ ಪಾಟೀಲರ ಮುಂದಾಳತ್ವದಲ್ಲಿ ಪ್ರವರಾ ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಿದಾಗ ಅದರ ಮೊದಲ ಅಧ್ಯಕ್ಷರಾಗಿ ಕೂತವರು ಈ ಪ್ರೊಫೆಸರು. 1954ರಲ್ಲಿ ವರದಿ ಕೊಟ್ಟ ಗೋರ್‌ವಾಲಾ ಸಮಿತಿಯಲ್ಲೂ ಅವರು ಇದ್ದರು. ರೈತ ತೆಗೆದುಕೊಳ್ಳುವ ನೂರು ರೂಪಾಯಿ ಸಾಲದಲ್ಲಿ ಸಹಕಾರಿ ಸಂಘದಿಂದ ಬರುವುದು ಬರೀ ಮೂರು ರೂಪಾಯಿ ಎಂದು ಆ ಸಮಿತಿಯ ಸಮೀಕ್ಷೆ ತೋರಿಸಿತು, ಉಳಿದದ್ದರಲ್ಲಿ ಬಹುಪಾಲು ಸಾವುಕಾರನದು. ಆ ಲೆಕ್ಕ ಎದುರಿಗೆ ಬಂದ ಮೇಲೆಯೇ ಸರಕಾರ ಸಂಘಗಳಿಗೆ ಬಂಡವಾಳ ಕೊಡಲು ಮುಂದೆ ಬಂತು. ನಮ್ಮ ಹಿಂದಿನವರೂ ಹಾಗೇ. ವಖಾರಿಯಲ್ಲಿ ದಲಾಲ ಟವೆಲ್ ಅಡಿ ಬೆರಳು ಹಿಡಿದು ದರ ಮಾಡುತ್ತಿದ್ದ ಕಾಲಕ್ಕೆ, ತೂಕ ಮತ್ತು ದರ ಎರಡೂ ಬರಹದಲ್ಲಿ ಇರಬೇಕು ಎಂದು ಹಟ ಹಿಡಿದದ್ದರಿಂದ ಸೇಲ್ ಸೊಸೈಟಿಗಳು ನಿಂತವು. ಬರಹದ ಲೆಕ್ಕದ ಮೇಲೆ ನಿಂತ ಚಳವಳಿ ಇದು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಸಂಘದ ವಾರ್ಷಿಕ ವರದಿ ಪ್ರತಿವರ್ಷ ಸದಸ್ಯರ ಮನೆಗೆ ಬರುತ್ತದೆ. ಅದನ್ನು ಏನು ಮಾಡುತ್ತೇವೆ? ಫೋಟೋ ನೋಡುತ್ತೇವೆ. ಡಿವಿಡೆಂಡ್ ಎಷ್ಟು ಎಂದು ಹುಡುಕುತ್ತೇವೆ. ಆಮೇಲೆ ಅದು ಹಪ್ಪಳ ಒಣಗಿಸಲು, ಇಲ್ಲವೇ ಬಚ್ಚಲ ಒಲೆಗೆ. ವಾರ್ಷಿಕ ಸಭೆಯಲ್ಲಿ ಅಢಾವೆ ಪತ್ರಿಕೆ ಓದುವಾಗ ಅರ್ಧ ಜನ ಹೊರಗೆ ಕವಳ ಹಾಕುತ್ತಾ ನಿಂತಿರುತ್ತಾರೆ. ಒಳಗೆ ಇದ್ದವರು 'ಸರಿ, ಮುಂದೆ' ಎನ್ನುತ್ತಾರೆ. ಊಟಕ್ಕೆ ಹೋಳಿಗೆಯೋ ಜಿಲೇಬಿಯೋ ಎಂಬುದರ ಮೇಲೆ ಆದಷ್ಟು ಚರ್ಚೆ ಲಾಭ-ಹಾನಿಯ ಮೇಲೆ ಆದದ್ದು ನಾನು ನೋಡಿಲ್ಲ.

ವೇದಿಕೆಯ ಮೇಲೆ ನಿಂತು 'ನಮ್ಮ ಸಂಘದ ಠೇವು ಹತ್ತು ಕೋಟಿಗೆ ಏರಿದೆ' ಎಂದರೆ ಚಪ್ಪಾಳೆ ಬೀಳುತ್ತದೆ. ಠೇವು ಅಂದರೆ ಏನು? ಸಂಘ ಕೊಡಬೇಕಾದ ಸಾಲ. ಅಢಾವೆಯಲ್ಲಿ ಅದು ಜವಾಬ್ದಾರಿಯ ಬದಿಗೆ ಬರುತ್ತದೆ. ನಿಮಗೆ ಕೊಟ್ಟ ಸಾಲ ಆಸ್ತಿಯ ಬದಿಗೆ. ಇದು ಕಾಮರ್ಸಿನ ಮೊದಲ ವರ್ಷದ ಪಾಠ, ನಮ್ಮ ಅಜ್ಜಂದಿರ ಜಮಾ-ನಾವೆ ಕೀರ್ದಿಯಲ್ಲಿ ಇದ್ದದ್ದೇ. ಒಂದು ಕಾಲ್ಪನಿಕ ಸಂಘ ಹಿಡಿಯುವಾ, ನಮ್ಮದಲ್ಲ, ಯಾರೂ ಗಾಬರಿಯಾಗಬೇಡಿ. ಶೇರು ಬಂಡವಾಳ 50 ಲಕ್ಷ, ಕಾಯ್ದಿಟ್ಟ ನಿಧಿ ಮತ್ತು ಇತರ ನಿಧಿಗಳು 70 ಲಕ್ಷ, ಠೇವು 10 ಕೋಟಿ. ಒಟ್ಟು 11 ಕೋಟಿ 20 ಲಕ್ಷ. ಈ ಬದಿಗೆ ಸದಸ್ಯರ ಸಾಲ 8 ಕೋಟಿ, ಬ್ಯಾಂಕಿನಲ್ಲಿ ಇಟ್ಟದ್ದು ಎರಡೂವರೆ ಕೋಟಿ, ಕಟ್ಟಡ, ದಾಸ್ತಾನು, ಕೈರೊಕ್ಕ ಸೇರಿ 70 ಲಕ್ಷ. ಅದೂ 11 ಕೋಟಿ 20 ಲಕ್ಷ. ಎರಡೂ ಬದಿ ಕೂಡಿತು, ಎಲ್ಲ ಸರಿ ಇದೆ ಅಂತ ಕಾಣುತ್ತದೆ. ಇದರಲ್ಲಿ ಸಂಘದ ಸ್ವಂತ ದುಡ್ಡು ಎಷ್ಟು? ಶೇರು ಮತ್ತು ನಿಧಿ ಕೂಡಿ ಒಂದು ಕೋಟಿ ಇಪ್ಪತ್ತು ಲಕ್ಷ ಮಾತ್ರ. ವರದಿಯ ಒಳಗೆಲ್ಲೋ ಒಂದು ಸಾಲು ಇರುತ್ತದೆ: ಕಟಬಾಕಿ ನೂರಕ್ಕೆ ಹತ್ತು. ಕೇಳಲಿಕ್ಕೆ ಸಣ್ಣದು. 8 ಕೋಟಿಗೆ ನೂರಕ್ಕೆ ಹತ್ತು ಅಂದರೆ 80 ಲಕ್ಷ. ಅದು ಬಾರದೇ ಹೋದರೆ ಸ್ವಂತ ದುಡ್ಡಿನಲ್ಲಿ ಉಳಿಯುವುದು 40 ಲಕ್ಷ. ಕಟಬಾಕಿ ನೂರಕ್ಕೆ ಹದಿನೈದಾಗಿ ಅಷ್ಟೂ ಮುಳುಗಿದರೆ ಸ್ವಂತದ್ದು ಸೊನ್ನೆ. ಅಲ್ಲಿಂದ ಮುಂದೆ ಹೋಗುವುದು ಠೇವು ಇಟ್ಟವರ ದುಡ್ಡು, ಮಗಳ ಮದುವೆಗೆ ಅಂತ ನೀವು ಇಟ್ಟದ್ದು.

ಲಾಭದ ಅಂಕಿಯನ್ನೂ ಹಾಗೇ ಬಿಡಿಸಿ ನೋಡಬೇಕು. ಅದರಲ್ಲಿ ಕೈಗೆ ಬಂದ ಬಡ್ಡಿ ಎಷ್ಟು, ಬರೀ 'ಬರಬೇಕಾದ ಬಡ್ಡಿ' ಎಷ್ಟು, ಕಟಬಾಕಿ ಬಡ್ಡಿಗೆ ಬೇರೆ ತೆಗೆದಿಟ್ಟಿದ್ದಾರೋ ಇಲ್ಲವೋ? ಮಾರ್ಚ್ 31ಕ್ಕೆ ವಸೂಲಾದ ಸಾಲದಲ್ಲಿ ಏಪ್ರಿಲ್ ಮೊದಲ ವಾರದಲ್ಲಿ ಅದೇ ಖಾತೆಗಳಿಗೆ ಮತ್ತೆ ಹೋದದ್ದು ಎಷ್ಟು? ಈ ಕೊನೆಯ ಪ್ರಶ್ನೆ ಕೇಳಿದರೆ ಎಲ್ಲ ಸಂಘಗಳಲ್ಲೂ ಸ್ವಲ್ಪ ಹೊತ್ತು ಮೌನ ಇರುತ್ತದೆ. ಮೌನ ಇದ್ದ ಮಾತ್ರಕ್ಕೆ ಮೋಸ ಇದೆ ಅಂತ ಅರ್ಥ ಅಲ್ಲ, ಬೆಳೆ ಸಾಲದ ರೀತಿಯೇ ಹಾಗೆ ನವೀಕರಣದ್ದು. ಆದರೆ ಕೇಳುವವರು ಇದ್ದಾರೆ ಅಂತ ಗೊತ್ತಿದ್ದರೆ ಬರೆಯುವವರ ಕೈ ಜಾಗ್ರತೆಯಲ್ಲಿ ಇರುತ್ತದೆ.

ಸಂಘದಲ್ಲಿ ಆಡಿಟ್ ಆಗುತ್ತದಲ್ಲ, ನಾವು ಯಾಕೆ ನೋಡಬೇಕು ಎಂದು ನೀವು ಕೇಳಬಹುದು. ಅದಕ್ಕೆ ಒಂದು ವಿಷಯ ತಿಳಿಸಬೇಕು, ಇದು ಬಹಳ ಸದಸ್ಯರಿಗೆ ಗೊತ್ತಿಲ್ಲ. ಬ್ಯಾಂಕಿನಲ್ಲಿ, ಪಟ್ಟಣ ಸಹಕಾರಿ ಬ್ಯಾಂಕುಗಳೂ ಸೇರಿ, ಇಟ್ಟ ಠೇವಿಗೆ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. 2020ರ ಫೆಬ್ರವರಿಯಲ್ಲಿ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದರು. ನಮ್ಮಂಥ ಪ್ರಾಥಮಿಕ ಸಹಕಾರಿ ಸಂಘಗಳ ಠೇವಿಗೆ ಆ ವಿಮೆ ಇಲ್ಲ. ಅದೇ ವರ್ಷದ ಜನವರಿಯಲ್ಲಿ ಬೆಂಗಳೂರಿನ ಒಂದು ದೊಡ್ಡ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿ, ಒಬ್ಬರಿಗೆ 35,000 ರೂಪಾಯಿಗಿಂತ ಹೆಚ್ಚು ತೆಗೆಯುವ ಹಾಗಿಲ್ಲ ಎಂದಾಗ ಮುದುಕರು ಬಾಗಿಲಲ್ಲಿ ನಿಂತಿದ್ದನ್ನು ಟೀವಿಯಲ್ಲಿ ನೋಡಿದ್ದೀರಿ. ಅವರಿಗೆ ವಿಮೆಯಾದರೂ ಇತ್ತು. ನಮಗಿರುವ ಭದ್ರತೆ ಎಂದರೆ ಸದಸ್ಯರ ಕಣ್ಣು. ಕಾಯ್ದೆಯ ಪ್ರಕಾರ ನಿವ್ವಳ ಲಾಭದ ನಾಲ್ಕರಲ್ಲಿ ಒಂದು ಪಾಲು ಕಾಯ್ದಿಟ್ಟ ನಿಧಿಗೆ ಹೋಗಬೇಕು. ಡಿವಿಡೆಂಡ್ ಹೆಚ್ಚು ಕೊಡಿ ಎಂದು ಕೂಗುವ ಮೊದಲು ಆ ನಿಧಿ ಎಷ್ಟು ಬೆಳೆದಿದೆ ಎಂದು ನೋಡುವ ಕಣ್ಣು ಬೇಕು.

ಇದರ ಮೇಲೆ ನಮ್ಮ ಸಂಘಗಳಿಗೆ ಇನ್ನೊಂದು ಅಪಾಯ ಇದೆ, ಅದನ್ನು ಲೆಕ್ಕಪರಿಶೋಧಕರ ವರ್ಗೀಕರಣ ತೋರಿಸುವುದಿಲ್ಲ. ಬನವಾಸಿ ಕಡೆ ಭತ್ತ, ಅನಾನಸು, ಶುಂಠಿ ಇದ್ದರೂ ನಮ್ಮ ಸಾಲಗಾರರಲ್ಲಿ ಬಹುಪಾಲು ಜನ ತೀರಿಸುವುದು ಒಂದೇ ಬೆಳೆಯಿಂದ. ಒಂದೇ ಕಣಿವೆಯ ಒಂದೇ ಮಳೆ, ಒಂದೇ ಕೊಳೆ, ಒಂದೇ ಎಲೆಚುಕ್ಕೆ, ಒಂದೇ ದರ. ಒಬ್ಬ ಕಟಬಾಕಿಯಾದ ವರ್ಷ ನೂರು ಜನ ಆಗುತ್ತಾರೆ. 2021ರ ಜುಲೈ ಮಳೆಗೆ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟಗಳೇ ಮಣ್ಣಿನಡಿ ಹೋದವು. ಸಾಲಕ್ಕೆ ಆಧಾರವಾಗಿ ಪಹಣಿಯಲ್ಲಿ ಇರುವ ಎಕರೆ-ಗುಂಟೆ ಹಾಗೇ ಇರುತ್ತದೆ, ನೆಲದ ಮೇಲೆ ತೋಟ ಇರುವುದಿಲ್ಲ. ಇನ್ನೊಂದು ಕಹಿ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿದೆ. ನಮಗೆ ಅದು ಹಿಡಿಸುವುದಿಲ್ಲ, ನನಗೂ ಹಿಡಿಸುವುದಿಲ್ಲ, ಊಟ ಆದ ಮೇಲೆ ಕವಳ ನಾನೂ ಹಾಕುತ್ತೇನೆ. ಆದರೆ ಇಪ್ಪತ್ತು ವರ್ಷದ ಹುಡುಗ ಮುಂದಿನ ನಲವತ್ತು ವರ್ಷದ ಬೇಡಿಕೆಯ ಲೆಕ್ಕ ಹಾಕುವಾಗ ಅದನ್ನು ಬಿಟ್ಟು ಲೆಕ್ಕ ಹಾಕಿದರೆ ಅದು ಅರ್ಥಶಾಸ್ತ್ರ ಅಲ್ಲ, ಆಸೆ.

ಶೂನ್ಯ ಬಡ್ಡಿಯ ಬೆಳೆ ಸಾಲದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿ ಕೆಲವರು ನಗುತ್ತಾರೆ ಅಂತ ಗೊತ್ತು. ಬಡ್ಡಿ ಸೊನ್ನೆ ಎಂದರೆ ಆ ಹಣಕ್ಕೆ ಬೆಲೆ ಇಲ್ಲ ಎಂದಲ್ಲ, ಬಡ್ಡಿಯನ್ನು ನಮ್ಮ ಪರವಾಗಿ ಸರಕಾರ ತುಂಬುತ್ತದೆ. ಆ ಸಾಲ ತೆಗೆದು ಇನ್ನೊಂದು ಕಡೆ ಏಳೂವರೆ-ಎಂಟು ಟಕ್ಕೆಗೆ ಠೇವು ಇಡುವ ಜಾಣರು ಇದ್ದಾರೆ. ಅವರು ಅರ್ಥಶಾಸ್ತ್ರ ಓದದೆಯೇ ಡಿಸ್ಟಿಂಕ್ಷನ್‌ನಲ್ಲಿ ಪಾಸಾದವರು. ಆದರೆ ಸರಕಾರದಿಂದ ಆ ಬಡ್ಡಿ ಸಹಾಯಧನ ಬರುವುದು ತಡವಾದ ವರ್ಷ ಸಂಘ ಆ ಭಾರ ಹೊರಬೇಕಾಗುತ್ತದೆ. ಕೊನೆಗೆ ತೆರುವವನು ತೋಟ ಇಲ್ಲದ, ಠೇವೂ ಇಲ್ಲದ, ಬರೀ ಶೇರು ಇರುವ ಕೂಲಿಯ ಸದಸ್ಯ.

ಇಷ್ಟೆಲ್ಲ ಓದಬಲ್ಲ ಮಕ್ಕಳು ನಮ್ಮ ಮನೆಯಲ್ಲೇ ಇದ್ದಾರೆ. ಪದವಿ ಮುಗಿದ ಕೂಡಲೇ ಹುಬ್ಬಳ್ಳಿ, ಬೆಂಗಳೂರು. ಅಲ್ಲಿ ಯಾವುದೋ ದೇಶದ ಯಾವುದೋ ಕಂಪನಿಯ ಬಿಲ್ಲು ಕಂಪ್ಯೂಟರಿಗೆ ಹಾಕುವ ಕೆಲಸ. ಹೋಗಬೇಡಿ ಎಂದು ನಾನು ಹೇಳುವುದಿಲ್ಲ, ಹೇಳುವ ಹಕ್ಕೂ ಇಲ್ಲ. ಸಂಘಗಳು ಗುಮಾಸ್ತರಿಗೆ ಕೊಡುವ ಸಂಬಳ ನೋಡಿದರೆ ಹೋಗುವುದೇ ಸರಿ ಅನ್ನಿಸುತ್ತದೆ. ಆಡಳಿತ ಮಂಡಳಿಯವರು ಇದನ್ನು ಮನಸ್ಸಿಗೆ ಹಾಕಿಕೊಳ್ಳಬೇಕು. ಪ್ರಾಥಮಿಕ ಸಂಘಗಳನ್ನು ಕಂಪ್ಯೂಟರೀಕರಣ ಮಾಡಲು ಕೇಂದ್ರ ಸರಕಾರ 2022ರಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು, ದೇಶದ 63,000 ಸಂಘಗಳಿಗೆ. ಯಂತ್ರ ಬರುತ್ತದೆ, ಅಢಾವೆ ಒಂದು ಗುಂಡಿ ಒತ್ತಿದರೆ ಹೊರಗೆ ಬೀಳುತ್ತದೆ. ಅದನ್ನು ಕೈಯಲ್ಲಿ ಹಿಡಿದು 'ಈ ಅಂಕಿ ಯಾಕೆ ಹೀಗೆ' ಎಂದು ಕೇಳುವ ಮನುಷ್ಯನನ್ನು ಮಾತ್ರ ಯಂತ್ರದ ಜೊತೆ ಕಳಿಸುವುದಿಲ್ಲ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ರಜತ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಯೋಚನೆ ಇದೆಯಂತೆ, ಕಟ್ಟಿಸಿ. ಅದರ ಜೊತೆಗೆ, ಈ ಸಂಘದ ವ್ಯಾಪ್ತಿಯಲ್ಲಿ ಬಿ.ಕಾಂ. ಓದುವ ಮಕ್ಕಳು ಎಷ್ಟಿದ್ದಾರೆ ಎಂದು ಪಟ್ಟಿ ಮಾಡಿ. ವಾರ್ಷಿಕ ಸಭೆಗೆ ಹದಿನೈದು ದಿವಸ ಮುಂಚೆ ಒಂದು ಶನಿವಾರ ಮಧ್ಯಾಹ್ನ ಅವರನ್ನು ಇಲ್ಲಿ ಕೂರಿಸಿ, ಐದು ವರ್ಷದ ವರದಿಗಳನ್ನು ಕೈಗೆ ಕೊಡಿ. ಠೇವು, ಸಾಲ, ಕಟಬಾಕಿ, ಸ್ವಂತ ನಿಧಿ ಈ ನಾಲ್ಕನ್ನು ಐದು ವರ್ಷದ್ದು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ನೋಟೀಸು ಬೋರ್ಡಿಗೆ ಹಚ್ಚಲಿ. ಸದಸ್ಯರ ಖಾಸಗಿ ಖಾತೆ ಹೊರಗೆ ಬೀಳುತ್ತದೆ ಎಂಬ ಹೆದರಿಕೆ ನಿರ್ದೇಶಕರಲ್ಲಿ ಇದ್ದೇ ಇರುತ್ತದೆ, ಅದು ಸಹಜ. ಯಾರ ಹೆಸರೂ ಬೇಡ, ಯಾರ ಖಾತೆಯೂ ಬೇಡ. ಈಗಾಗಲೇ ಅಚ್ಚಾಗಿ ಮನೆಮನೆಗೆ ಹೋದ ಒಟ್ಟು ಅಂಕಿಗಳು ಸಾಕು. ಚಹಾ-ಅವಲಕ್ಕಿ ಖರ್ಚು ಶಿಕ್ಷಣದ ಬಾಬಿನಲ್ಲಿ ಕೂರುತ್ತದೆ, ಆಡಿಟರರು ತಕರಾರು ಮಾಡಲಾರರು. ಕಾಲೇಜಿನವರ ಹತ್ತಿರ ನಾನು ಮಾತಾಡುತ್ತೇನೆ, ಪ್ರಾಜೆಕ್ಟಿನ ಲೆಕ್ಕಕ್ಕೆ ಇದನ್ನು ಹಿಡಿಯುತ್ತಾರೋ ನೋಡುವಾ.

ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ಪಠ್ಯದಲ್ಲಿ 'ಲಯಬಿಲಿಟಿ' ಎಂದು ಇರುವುದನ್ನು ಅಪ್ಪನಿಗೆ ಹೇಳುವಾಗ 'ಸಂಘ ಕೊಡಬೇಕಾದ್ದು' ಎಂದು ಹೇಳಿ, 'ಓವರ್‌ಡ್ಯೂ' ಎಂದರೆ ಕಟಬಾಕಿ ಎನ್ನಿ. ಹಾಗೆ ಹೇಳಲು ಬಂದರೆ ಪರೀಕ್ಷೆಯಲ್ಲೂ ಬರುತ್ತದೆ. ಇವತ್ತು ಕಾರ್ಯದರ್ಶಿಗಳ ಮೇಜಿನ ಮೇಲೆ ಕಳೆದ ವರ್ಷದ ವರದಿಯ ಪ್ರತಿಗಳನ್ನು ಇಡಿಸಿದ್ದೇನೆ. ಊಟಕ್ಕೆ ಹೋಗುವಾಗ ಒಂದೊಂದು ತೆಗೆದುಕೊಂಡು ಹೋಗಿ. ಅಢಾವೆ ಪತ್ರಿಕೆ ಹಿಂದಿನ ಪುಟಗಳಲ್ಲಿ ಇದೆ, ಫೋಟೋಗಳು ಮುಗಿದ ಮೇಲೆ.